ತವರಿಗೆ ಬಂದ ಮೀನುಗಳು

ನಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆಯುವ ದಿನ ಮೆಟ್ಟಿಲುಗಳ ಉದ್ದಕ್ಕೂ ಪಾಚಿಯ ವಾಸನೆ ಏರಿ ಬರುತ್ತದೆ. ನೆರೆಯವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲು ತೆರೆದು ನಿಲ್ಲುತ್ತೇನೆ. ಹಸಿ ಕಲ್ಲು, ತಳದ ಕೆಸರು, ಬಿಸಿಲು ಕಾಣದ ನೀರು ಎಲ್ಲ ಬೆರೆತ ಆ ವಾಸನೆ ಬಾವಿಯ ಅಂಚಿನಲ್ಲಿ ಬೆಳೆದವರಿಗಷ್ಟೇ ಹಿಡಿಸೀತು. ಓದುತ್ತಿರುವ ನಿಮ್ಮಲ್ಲೂ ಅಂಥವರು ಇದ್ದೀರೆಂದು ನಂಬಿದ್ದೇನೆ. ಹೋದ ತಿಂಗಳು ಕೊಯಮತ್ತೂರಿನ ಶರವಣಂಪಟ್ಟಿಯ ನಮ್ಮ ಮನೆಯಲ್ಲಿ ಚೆನ್ನೈ ಪ್ರಯಾಣದ ಏರ್ಪಾಟಿಗೆ ಕೂತದ್ದು ಅಂಥದೊಂದು ಭಾನುವಾರವೇ. ಅಲ್ಲಿ ಕಡಲ ಪಕ್ಕದ ರಸ್ತೆಯಲ್ಲಿ ದೊಡ್ಡ ಅಕ್ವೇರಿಯಂ ಇದೆ, ಗಾಜಿನ ಸುರಂಗದಲ್ಲಿ ನಡೆದರೆ ತಲೆಯ ಮೇಲೇ ಮೀನು ಈಜುತ್ತವೆ ಎಂದು ಮಗಳು ಫೋನಿನಲ್ಲಿ ತೋರಿಸುತ್ತಿದ್ದಳು. ಶುಕ್ರವಾರದ ರೈಲು, ತಾತನಿಗೆ ಕೆಳಗಿನ ಬರ್ತು, ದಾರಿಗೆ ಪುಳಿಸಾದದ ಬುತ್ತಿ ಎಂದು ನನ್ನ ಯಜಮಾನರು ಉತ್ಸಾಹದಲ್ಲಿದ್ದರು. "ತಾತಾ, ನೀಂಗಳುಂ ವಾಂಗ" ನೀವೂ ಬನ್ನಿ ಎಂದು ಮಗಳು ತಮಿಳಿನಲ್ಲೇ ಕರೆದಳು. ನನ್ನ ಅಪ್ಪ ಎದ್ದು ಬಂದು, ನಾನು ತೆರೆದಿಟ್ಟಿದ್ದ ಬಾಗಿಲನ್ನು ಮುಚ್ಚಿ, ತಮ್ಮ ಕೋಣೆಗೆ ಹೋದರು. ಮಂಡಿನೋವಿರಬೇಕು ಎಂದರು ಯಜಮಾನರು. ಮಂಡಿಯ ವಿಷಯವಲ್ಲ ಅದು. ಮೀನಿನ ಮಾತು ಅಪ್ಪನ ಮುಂದೆ ಎತ್ತಬಾರದೆಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಇಷ್ಟು ವರ್ಷಗಳಲ್ಲಿ ಅದು ಸವೆದಿರುತ್ತದೆ ಎಂದುಕೊಂಡದ್ದು ನನ್ನ ದಡ್ಡತನ.

ನಾನು ಚಿಕ್ಕವಳಿದ್ದಾಗ ಕುನ್ನತ್ತೂರಿನ ಹೊರಗೆ ನಮ್ಮ ತೋಟದಲ್ಲಿ ಬಂಡೆ ಕಡಿದು ಮಾಡಿದ ಚೌಕ ಬಾವಿ ಇತ್ತು. ಒಂದು ಮಗ್ಗುಲಲ್ಲಿ ಕಲ್ಲಿನ ಮೆಟ್ಟಿಲು, ಗೋಡೆಯ ಬಿರುಕುಗಳಲ್ಲಿ ಪಾರಿವಾಳದ ಗೂಡು, ತಳದಲ್ಲಿ ಹಸಿರು ನೀರು. ಆ ನೀರಲ್ಲಿ ಗೆಂಡೆ ಮೀನುಗಳಿದ್ದವು. ಅವನ್ನು ಯಾರೂ ಹಿಡಿಯುತ್ತಿರಲಿಲ್ಲ, ತಿನ್ನುವ ಮಾತಂತೂ ಬರುತ್ತಲೇ ಇರಲಿಲ್ಲ. ಬಾವಿಗೆ ಅವೇ ಕಣ್ಣು ಎನ್ನುತ್ತಿದ್ದರು ಅಜ್ಜಿ. ಸಂಜೆ ಕೊನೆಯ ಮೆಟ್ಟಿಲಲ್ಲಿ ಕೂತು ನಾನು ಅಕ್ಕಿ ಪೊರಿ ಎರಚಿದರೆ ಕತ್ತಲೆಯಿಂದ ಬೆಳ್ಳಗೆ ಮೇಲೆದ್ದು, ಬಾಯಿ ತೆರೆದು, ಮುಚ್ಚಿ, ಮತ್ತೆ ಮುಳುಗುತ್ತಿದ್ದವು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರ್ಧ ಕನ್ನಡ, ಅರ್ಧ ತಮಿಳು. ಮೀನುಗಳೊಡನೆ ಮಾತ್ರ ಅಜ್ಜಿ ಅಪ್ಪಟ ಕನ್ನಡದಲ್ಲಿ ಮಾತಾಡುತ್ತಿದ್ದರು. ಶಾಲೆಯಲ್ಲಿ ಹುಡುಗಿಯರಿಗೆ ಅದನ್ನು ಹೇಳಿ ನಗೆಪಾಟಲಾದವಳು ನಾನು.

ಪಕ್ಕದ ತೋಟ ಮಾದತ್ತೆಯದು. ಗಂಡ ತೀರಿಹೋದ ಮೇಲೆ ಒಬ್ಬಳೇ ದುಡಿದು ಅದನ್ನು ಉಳಿಸಿಕೊಂಡಿದ್ದಳು. ರಕ್ತಸಂಬಂಧ ಏನೂ ಇರಲಿಲ್ಲ. ಅಪ್ಪ ಅಕ್ಕ ಎನ್ನುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಅವಳ ಬಾವಿ ಆಳವಿಲ್ಲದ್ದು, ಬೇಸಿಗೆ ಬಲಿತರೆ ತಳ ಕಾಣುತ್ತಿತ್ತು. ಆಗ ಅವಳು ತನ್ನ ಮೀನುಗಳನ್ನು ಹಿತ್ತಾಳೆ ಕೊಡಗಳಲ್ಲಿ ತುಂಬಿ, ಕೊಡದ ಕೊರಳಿಗೆ ಅರಿಶಿನ ಹಚ್ಚಿ, ನಮ್ಮ ಬಾವಿಗೆ ತರುತ್ತಿದ್ದಳು. ನಮ್ಮವರಲ್ಲಿ ಇದಕ್ಕೆ ಮೀನನ್ನು ತವರಿಗೆ ಕಳಿಸುವುದು ಎಂದೇ ಹೆಸರು. ಅಜ್ಜಿ ಬಾಗಿಲಲ್ಲಿ ಕೊಡಕ್ಕೆ ಕುಂಕುಮವಿಟ್ಟು ಒಳಗೆ ಕರೆಯಬೇಕು. ಮಳೆ ಬಿದ್ದು ಒಡತಿ ಕರೆದೊಯ್ಯಲು ಬಂದಾಗ, ಮಗಳಿಗೆ ಮಡಿಲು ತುಂಬುವಂತೆ, ಕೊಡದೊಳಗೆ ಒಂದು ಹಿಡಿ ಅಕ್ಕಿ ಹಾಕಿ ಕಳಿಸಬೇಕು. ಮಾದತ್ತೆಯ ಸ್ವಂತ ತವರು ಸತ್ಯಮಂಗಲದ ಆಚೆ; ಅಣ್ಣಂದಿರು ಕರೆಯುವುದನ್ನು ಎಂದೋ ನಿಲ್ಲಿಸಿದ್ದರು. "ನಂಗೆ ತವರಿನ ಯೋಗ ಇಲ್ಲ ಚಿಕ್ಕವ್ವ, ಇವಾದ್ರೂ ಓಗಿ ಬರ್ಲಿ" ಎಂದು ಅಜ್ಜಿಗೆ ಹೇಳಿ ನಗುತ್ತಾ ಕೊಡ ಬಗ್ಗಿಸುತ್ತಿದ್ದಳು. ಬಗ್ಗಿಸಿ ಆದಮೇಲೂ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿರುತ್ತಿದ್ದಳು.

ಒಂದು ಬೇಸಿಗೆ, ಅವಳ ಮೀನುಗಳು ನಮ್ಮಲ್ಲಿದ್ದಾಗಲೇ, ನಮ್ಮ ಬಾವಿಯೂ ಕೈಕೊಟ್ಟಿತು. ಬಂಡೆಗೆ ಮದ್ದಿಟ್ಟು ಇನ್ನಷ್ಟು ಆಳ ಮಾಡದೆ ಬೇರೆ ದಾರಿ ಇರಲಿಲ್ಲ. ಮದ್ದಿಡುವವರು ಸೂಲೂರಿನ ಕಡೆಯಿಂದ ಬರಬೇಕು. ಆ ವರ್ಷ ಊರೂರಲ್ಲೂ ಅವರಿಗೆ ಕೆಲಸ. ಎಷ್ಟೋ ದಿನ ಕಾಯಿಸಿ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದು ನಿಂತರು, ಇವತ್ತು ಬಿಟ್ಟರೆ ಇನ್ನು ಮುಂದಿನ ತಿಂಗಳೇ ಎಂದರು. "ಮೊದ್ಲು ಅವುನ್ನ ಮೇಲೆ ಎತ್ತು ಕಣಪ್ಪಾ, ಬೇರೆಯವ್ರ ಮಕ್ಳು" ಎಂದು ಅಜ್ಜಿ ಮೆಟ್ಟಿಲ ಬಾಯಲ್ಲಿ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೀನಿನ ಬಗ್ಗೆ ಅಸಡ್ಡೆ ಮಾಡಿದರು ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಎಲ್ಲವನ್ನೂ ಮೇಲೆ ಸಾಗಿಸಲು ಮದ್ದಿನವರು ಹೊತ್ತು ಕೊಡಲಿಲ್ಲ; ಅಪ್ಪನೇ ಇಳಿದು, ಮೊಣಕಾಲುದ್ದದ ನೀರಲ್ಲಿ ನಡೆದಾಡಿ, ಎಲ್ಲವನ್ನೂ ದೂರದ ಮೂಲೆಯ ಗುಂಡಿಗೆ ಓಡಿಸಿದರು. ಕಲ್ಲು ಸಿಡಿದು ಬೀಳದಿರಲೆಂದು ಗುಂಡಿಯ ಮೇಲೆ ತೆಂಗಿನ ಗರಿ ಒಟ್ಟಿ, ಅದರ ಮೇಲೆ ನೆನೆಸಿದ ಗೋಣಿಚೀಲ ಹೊದಿಸಿದರು. ಎಷ್ಟು ಜೋಪಾನ! ಮದ್ದಿನ ಪೆಟ್ಟು ನೀರೊಳಗೂ ಹಾಯುತ್ತದೆ ಎಂಬುದು ಮಾತ್ರ ಅವರಿಗೆ ತೋಚಲಿಲ್ಲ, ನಮಗ್ಯಾರಿಗೂ ತೋಚಲಿಲ್ಲ. ಹೊಗೆ ಇಳಿದ ಮೇಲೆ ಅಪ್ಪ ಗರಿ ಎತ್ತಿ ನೋಡಿದರು. ಮೇಲೆ ಒಂದು ಕಲ್ಲೂ ಬಿದ್ದಿರಲಿಲ್ಲ. ಕೆಳಗೆ, ನಮ್ಮವೂ ಅವಳವೂ, ಎಲ್ಲ ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಚೆ ಬದಿಯ ಬಂಡೆಯಿಂದ ಹೊಸ ನೀರು ಜಿನುಗತೊಡಗಿತ್ತು. ಮದ್ದಿನವರು ಸಂತೋಷದಿಂದ ಕೂಗಿ ಅಪ್ಪನನ್ನು ಕರೆದರು. ಅಪ್ಪ ಅತ್ತ ತಿರುಗಲೇ ಇಲ್ಲ.

ಅವನ್ನೆಲ್ಲ ತೆಂಗಿನ ಬುಡದಲ್ಲಿ ಹೂತರು. ಆಮೇಲೆ ಮಾಡಿದ್ದು ಇದೆಯಲ್ಲ, ಅದು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ನಡೆದದ್ದನ್ನು ಹೇಳಿಬಿಡಬೇಕೆಂದು ಅಪ್ಪ ದಿನಾ ಅವಳ ತೋಟದ ಬೇಲಿಯವರೆಗೆ ಹೋಗುತ್ತಿದ್ದರು, ಹಾಗೇ ಹಿಂದಿರುಗುತ್ತಿದ್ದರು. ಕೊನೆಗೆ ಮೊದಲ ಮಳೆ ಬೀಳುತ್ತಲೇ ಅವರು ಕೆರೆಯಿಂದ ಮೀನು ಹಿಡಿಸಿ ತಂದು ಬಾವಿಗೆ ಬಿಟ್ಟರು. ಕೆರೆಯಲ್ಲಿ ಆಗ ಗೆಂಡೆ ಎಲ್ಲಿ? ಸಿಕ್ಕಿದ್ದೆಲ್ಲ ಕಪ್ಪು ಕಪ್ಪು ಜಿಲೇಬಿ ಮೀನು. ಮಾದತ್ತೆ ಕೊಡ ತೊಳೆದು, ಅರಿಶಿನ ಹಚ್ಚಿ, ತಲೆಗೆ ಹೂ ಮುಡಿದು ಬಂದಳು. ಅಪ್ಪ ಬಗ್ಗಿಸಿದ ತಲೆ ಎತ್ತದೆ ಮೀನು ತುಂಬಿಸಿದರು. ಅಜ್ಜಿ ಅಕ್ಕಿ ಹಾಕುವಾಗ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಮಾದತ್ತೆ ಕೊಡದೊಳಗೆ ಇಣುಕಿದಳು. ಬೆಳ್ಳಿಯಂಥ ತನ್ನ ಮೀನುಗಳನ್ನು ಅವಳು ಗುರುತಿಸದೆ ಇರುತ್ತಾಳೆಯೇ? ನಾನು ಅಮ್ಮನ ಸೆರಗು ಹಿಡಿದು, ಈಗ ಬಯ್ಯುತ್ತಾಳೆ, ಈಗ ಬಯ್ಯುತ್ತಾಳೆ ಎಂದು ಕಾದೆ. ಅವಳು ನೆಲದ ಅಕ್ಕಿಯನ್ನು ಒಂದೊಂದೇ ಆರಿಸಿ ಕೊಡಕ್ಕೆ ಹಾಕಿದಳು. "ನಿಮ್ಮ ಬಾವಿ ನೀರಿನ ಗುಣ ಚಿಕ್ಕವ್ವ, ಬಣ್ಣಾನೇ ಬೇರೆ ಆಗೋಯ್ತು" ಎಂದಳು. ಕೊಡ ಸೊಂಟಕ್ಕೇರಿಸಿಕೊಂಡು ಹೊರಟುಹೋದಳು.

ಮುಂದಿನ ಬೇಸಿಗೆ ಅವಳು ಮೀನು ತರಲಿಲ್ಲ. ಅಜ್ಜಿ ಹೇಳಿಕಳಿಸಿದಾಗ, ನನ್ನ ಬಾವಿಯಲ್ಲಿ ನೀರು ಬೇಕಾದಷ್ಟಿದೆ ಎಂದಳಂತೆ. ಅವಳ ಬಾವಿ ಒಣಗಿ ಬಿರುಕು ಬಿಟ್ಟದ್ದು ಇಡೀ ಊರಿಗೆ ಗೊತ್ತಿತ್ತು. ನಮ್ಮ ಬಾವಿಯಲ್ಲಿ ಮಾತ್ರ ಮದ್ದಿಟ್ಟ ಬಂಡೆಯಿಂದ ನೀರು ಉಕ್ಕುತ್ತಿತ್ತು. ಬಾಳೆ ಹಾಕಿದೆವು, ಅರಿಶಿನ ಹಾಕಿದೆವು, ಆ ನೀರಿನಿಂದಲೇ ನಾನು ಕೊಯಮತ್ತೂರಿಗೆ ಬಂದು ಓದಿ ಕೆಲಸ ಹಿಡಿದೆ. ಮಾದತ್ತೆ ಹಬ್ಬಕ್ಕೆ ಒಬ್ಬಟ್ಟು ಕಳಿಸುವುದನ್ನು ತಪ್ಪಿಸಲಿಲ್ಲ, ದಾರಿಯಲ್ಲಿ ಸಿಕ್ಕರೆ ನಗುವುದನ್ನೂ ಬಿಡಲಿಲ್ಲ. ತವರು ಎಂಬ ಮಾತನ್ನು ಮಾತ್ರ ನಮ್ಮ ಅಂಗಳದಲ್ಲಿ ಮತ್ತೆ ಆಡಲಿಲ್ಲ. ಅಜ್ಜಿ ಹೋದರು, ಅಮ್ಮ ಹೋದರು. ಮಾದತ್ತೆ ಹೋದಾಗ ಅಪ್ಪ ಹೋಗಿ ಬೀದಿಯ ತುದಿಯಲ್ಲಿ ನಿಂತರೇ ಹೊರತು ಹತ್ತಿರ ಹೋಗಿ ಮುಖ ನೋಡಲಿಲ್ಲ. ನಮ್ಮ ತೋಟ ಈಗ ಬನಿಯನ್ ಕಂಪನಿಯ ಶೆಡ್ಡು. ಬಾವಿಗೆ ಮಣ್ಣು ತುಂಬಿ ಮೇಲೆ ಲಾರಿ ನಿಲ್ಲಿಸುತ್ತಾರೆ.

ಆ ಭಾನುವಾರ ಕಾಫಿ ಹಿಡಿದು ಅಪ್ಪನ ಕೋಣೆಗೆ ಹೋದೆ. ಮೊಮ್ಮಗಳು ಆಸೆಪಡುತ್ತಿದ್ದಾಳೆ, ಬನ್ನಿ ಎಂದೆ. ತುಂಬ ನಡೆಯಬೇಕಾಗಿಲ್ಲ, ಗಾಲಿಕುರ್ಚಿ ಇರುತ್ತದೆ ಎಂದೆ. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬಾವೀಲಿ ಮೇಲಿಂದ ನೋಡ್ತಿದ್ದೆ ಸಾಮಿ" ಎಂದರು, ಚಿಕ್ಕಂದಿನಲ್ಲಿ ನನ್ನನ್ನು ಮುದ್ದಿಗೆ ಕರೆಯುತ್ತಿದ್ದ ಹಾಗೆ. "ಅಲ್ಲಿ ಗಾಜಿನ ಅತ್ರ ಅವು ಮೊಖಕ್ಕೆ ಮೊಖ ಕೊಟ್ಟು ನಿಲ್ತಾವಂತೆ. ನಾನು ಎಂಗೆ ನಿಲ್ಲದು?"

ಎಷ್ಟು ಹಳೆಯ ಮಾತು ಬಿಡಿ ಅಪ್ಪ, ಅತ್ತೆಯೇ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ಒಂದು ಮಾತೂ ಅನ್ನಲಿಲ್ಲವಲ್ಲ ಎಂದೆ. ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಪ್ಪ ಮುಖ ಎತ್ತಿ ನನ್ನನ್ನು ನೋಡಿದರು. ಎಂಬತ್ತು ದಾಟಿದ ಆ ಮುಖದಲ್ಲಿ, ಕೊಡಕ್ಕೆ ಮೀನು ತುಂಬಿಸಿ ತಲೆ ತಗ್ಗಿಸಿ ನಿಂತಿದ್ದ ಮನುಷ್ಯ ಹಾಗೇ ಇದ್ದರು.

"ಅವತ್ತು ಅಕ್ಕ ಬಾಯಿ ತುಂಬ ಬಯ್ದಿದ್ರೆ, ಇವತ್ತು ನಾನು ನಿಮ್ಮ ಜೊತೇಲಿ ಬತ್ತಿದ್ದೆ ಸಾಮಿ" ಎಂದರು.

ನಾನು ಹೊರಗೆ ಬಂದು, ಮೂವರಿಗೇ ಟಿಕೆಟ್ ಮಾಡು ಎಂದು ಮಗಳಿಗೆ ಹೇಳಿದೆ.