ಎಣಿಕೆ ಮುಗಿದ ಮೇಲೆ

ನಮ್ಮ ಸರ್ ಅವರ ಎಡಗಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ಬೆಳಿಗ್ಗೆ ಬೆಳ್ಳಗಿದ್ದದ್ದು ಸಂಜೆಗೆ ಹಳದಿಯಾಗುತ್ತಿತ್ತು. ಹಿಂದೆ ಮುಂಬೈನ ಲೋಕಲ್ ರೈಲಿನಲ್ಲಿ ಬಾಂಬ್ ಸಿಡಿದಾಗ ಅವರು ಪಕ್ಕದ ಡಬ್ಬಿಯಲ್ಲಿದ್ದರು. ಅಂದು ಹರಿದ ಕಿವಿತಮಟೆ ಮತ್ತೆ ಕೂಡಲಿಲ್ಲ. ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಚರ್ಚಾಸ್ಪರ್ಧೆಯ ತಾಲೀಮು ಕೊಡುತ್ತಿದ್ದ ಅವರು ಧಾರವಾಡದ ಕಡೆಯ ಮನುಷ್ಯ. ಯಾರಾದರೂ ಜೊಳ್ಳು ವಾದ ಹೂಡಿದರೆ ಆ ಕಿವಿಯನ್ನೇ ಅವರತ್ತ ತಿರುಗಿಸಿ ಕೂರುವರು. ನನಗೆ ಆ ಕಿವಿಯ ಪರಿಚಯ ಚೆನ್ನಾಗಿತ್ತು.

ಒಮ್ಮೆ ದೊಡ್ಡ ದಾಳಿಗಳ ವಿನಾಶವನ್ನು ಹೋಲಿಸುವ ವಿಷಯ ಕೊಟ್ಟರು. ಬೆಂಕಿಬಾಂಬು ಸುರಿದು ನಗರಗಳನ್ನು ಸುಟ್ಟದ್ದು ಅಣುಬಾಂಬಿಗಿಂತ ಕಡಿಮೆಯೇನಲ್ಲ ಎಂದು ಸತ್ತವರ ಸಂಖ್ಯೆ ಮುಂದಿಟ್ಟು ವಾದಿಸಿದೆ. ಇವುಗಳೆದುರು ನಮ್ಮ ಲೋಕಲ್ ಸ್ಫೋಟ ಲೆಕ್ಕಕ್ಕೇ ಇಲ್ಲ ಎಂದೂ ಸೇರಿಸಿದೆ. ಸರ್ ಒಳ್ಳೆಯ ಕಿವಿಯಲ್ಲೇ ಕೇಳಿದರು.

"ವಾದ ಬರೋಬ್ಬರಿ ಅದ ತಂಗಿ. ಆದ್ರ ಈ ಎಣಿಕಿ ಯಾವಾಗ ಮುಗಸ್ಯಾರ? ಅಣುಬಾಂಬಿನಾಗ ಉಳದವ್ರು ಎಷ್ಟೋ ವರ್ಷದ ಮ್ಯಾಲೂ ಸತ್ರು. ಅವ್ರನ್ನ ಎಲ್ಲಿ ಹಿಡದಿ?"

"ಎಲ್ಲೋ ಒಂದ್ಕಡೆ ಗೆರೆ ಎಳೀಲೇಬೇಕಲ್ಲ ಸರ್. ಇಲ್ಲಾಂದ್ರೆ ಹೋಲ್ಸೋದು ಹೇಗೆ?"

"ಎಳಿ, ಬ್ಯಾಡ ಅನ್ನೂದಿಲ್ಲ. ಗೆರಿ ಆಚೀಗೆ ಯಾರು ನಿಂತಾರ ಅಂತ ಒಮ್ಮೆ ನೋಡಿ ಎಳಿ."

ಕಳೆದ ಮಳೆಗಾಲದಲ್ಲಿ ಆ ಕಿವಿಯ ಕೀವು ಮಿದುಳಿಗೇರಿತು. ಕಲ್ಯಾಣದ ಆಸ್ಪತ್ರೆಯಿಂದ ಸರ್ ಮರಳಲಿಲ್ಲ. ಸ್ಫೋಟದ ವಾರ್ಷಿಕ ಸ್ಮರಣೆ ಹತ್ತಿರ ಬಂದಾಗ ಅವರ ಹೆಂಡತಿ, ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು, ನನ್ನನ್ನು ಕರೆಸಿದರು.

"ಪ್ಲಾಟ್‌ಫಾರ್ಮಿನ್ಯಾಗ ಸತ್ತವ್ರ ಹೆಸರು ಓದ್ತಾರಲ್ಲ, ಇವರದೂ ಓದಸವಾ. ನೀ ಮಾತಿನ್ಯಾಗ ಗೆಲ್ಲಾಕಿ."

ಹೋದೆ. ಹೆಸರು ಓದಿಸುವ ಪ್ರಯಾಣಿಕರ ಮಂಡಳಿಯ ಹಿರಿಯರು ಮಂಗಳೂರು ಕಡೆಯವರು, ಸರ್ ಜೊತೆ ಒಂದೇ ಗಾಡಿಯಲ್ಲಿ ಓಡಾಡಿದವರು.

"ನನಗೂ ಬೇಸರ ಉಂಟು ಮಗಾ. ಆದರೆ ಇಷ್ಟು ವರ್ಷದ ನಂತರ? ಅವರಿಗೆ ಶುಗರ್ ಬೇರೆ ಇತ್ತು. ಸ್ಫೋಟದಿಂದಲೇ ಹೋದದ್ದು ಅಂತ ನೀನು ಪ್ರೂವ್ ಮಾಡ್ತೀಯಾ?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸಾಕ್ಷ್ಯವಿಲ್ಲದ್ದನ್ನು ಒಪ್ಪಬೇಡ ಎಂದು ಕಲಿಸಿದವರೂ ಸರ್ ಅವರೇ. ಆ ಹಳದಿ ಹತ್ತಿಯ ನೆನಪು ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ.

ಆಗಲಿಲ್ಲ ಎಂದು ಕಾಕುವಿಗೆ ಹೇಳಿದೆ. ಆದರೂ ಸ್ಮರಣೆಯ ದಿನ ಅವರು ಬಂದರು. ಮಂಡಳಿಯವರು ಪ್ಲಾಟ್‌ಫಾರ್ಮಿನಲ್ಲಿ ಮೇಣದಬತ್ತಿ ಹಚ್ಚಿ ಹೆಸರು ಓದಿದರು. ನಡುವೆ ಫಾಸ್ಟ್ ಲೋಕಲ್ ಹಾದು ಒಂದೆರಡು ಹೆಸರು ನುಂಗಿತು. ಓದಿ ಮುಗಿದದ್ದೇ ತಡ, ಜನ ತಮ್ಮ ತಮ್ಮ ಗಾಡಿ ಹತ್ತಿದರು. ಕಾಕು ಮಾತ್ರ ಕಣ್ಣು ಮುಚ್ಚಿ, ಕೈಮುಗಿದು ನಿಂತೇ ಇದ್ದರು, ಮುಂದಿನ ಹೆಸರಿಗೆ ಕಾಯುತ್ತ.