ಮಂಡಿ ಕೆಳಗಿನ ಸಣ್ಣ ಕೀಲು

ಶಿರಾ ಗೇಟ್ ಹತ್ತಿರ ಲಾರಿ ಹಾರ್ನ್‌ಗೆ ಬೆದರಿ ನನ್ನ ಕುದುರೆ ಪಕ್ಕಕ್ಕೆ ನುಗ್ಗಿತು. ಜಟಕಾ ಹೊಡೆಯುವವರು ನಾವು ಒಂದು ಕಾಲು ಹೊರಗೆ ಇಳಿಬಿಟ್ಟೇ ಕೂರುವುದು. ಆ ಬಲಗಾಲು ಗಾಡಿಗೂ ಕರೆಂಟ್ ಕಂಬಕ್ಕೂ ನಡುವೆ ಸಿಕ್ಕಿ ತಿರುಚಿತು.

ಒಳಗೆ ಏನೋ ಕಳಚಿತು.

ಇಳಿದವನೇ ಕುದುರೆಗೆ ಬಾಸುಂಡೆ ಬರುವ ಹಾಗೆ ಬಾರಿಸಿದೆ. ನಾಲ್ಕನೇ ಏಟಿಗೆ ನಾನೇ ಬಿದ್ದೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ನಿಂಬೆಹಣ್ಣಿನಷ್ಟು ಗಂಟು. ಪಾದದ ಮೇಲೆಲ್ಲ ಜೋಮು. ಹೆಬ್ಬೆರಳು ಎತ್ತಲು ಹೋದರೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮೂಳೆ ಮುರಿದಿಲ್ಲ, ಆದರೂ ಅನುಮಾನ, ಎಡ ಮಂಡಿಯದ್ದೂ ಬೇಕು ಎಂದು ಚೀಟಿ ಬರೆದರು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಆದರೆ ದುಡಿದು ತಿಂದವನು, ಯಾರಿಂದಲೂ ಮೋಸ ಹೋದವನಲ್ಲ. ನೆಟ್ಟಗಿರುವ ಕಾಲಿಗೆ ಫಿಲ್ಮ್ ಯಾಕೆ? ಎಕ್ಸ್‌ರೇ ರೂಮಿನವನು ಎಡಗಾಲು ಮುಟ್ಟಿದ್ದೇ ತಡ, ಕೊರಳಪಟ್ಟಿ ಹಿಡಿದು ಮೂತಿಗೆ ಗುದ್ದಿದೆ. ತುಟಿ ಒಡೆದು ರಕ್ತ ಬಂತು.

ಅವನು ತಿರುಗಿ ಹೊಡೆಯಲಿಲ್ಲ. ತುಟಿ ಒರೆಸಿಕೊಂಡ. "ಆಯ್ತಾ ಯಜಮಾನ? ನಿನ್ ಕಾಲ್ಗೆ ನಿನ್ ಕಾಲೇ ಸಾಕ್ಷಿ ಹೇಳ್ಬೇಕು ಕಣಯ್ಯ. ಮಲಕ್ಕೊ."

ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. "ಕುದ್ರೆಗ್ ಹೊಡ್ದೆ, ಇವ್ರಿಗ್ ಹೊಡ್ದೆ. ಇನ್ ನಾನೊಬ್ಳು ಉಳ್ದಿದೀನಿ. ನಂಗೂ ಹೊಡ್ದು ಮಲಕ್ಕೊ."

ಮಲಗಿದೆ.

ಡಾಕ್ಟರು ಎರಡೂ ಫಿಲ್ಮ್ ಜೋಡಿಸಿ ತೋರಿಸಿದರು. ಮಂಡಿ ಕೆಳಗೆ ದಪ್ಪ ಮೂಳೆ, ಅದರ ಹೊರಬದಿಗೆ ತೆಳ್ಳಗಿನ ಇನ್ನೊಂದು. ತೆಳ್ಳನೆಯದರ ತಲೆ ದಪ್ಪದ್ದಕ್ಕೆ ಕೂಡುವ ಕಡೆ ಒಂದು ಸಣ್ಣ ಕೀಲು. ಎಡಗಾಲಲ್ಲಿ ಆ ತಲೆ ದಪ್ಪ ಮೂಳೆಯ ಹಿಂದೆ ಅರ್ಧ ಮರೆಯಾಗಿತ್ತು. ಬಲಗಾಲಲ್ಲಿ ಪೂರಾ ಹೊರಗೆ ಬಂದು ನಿಂತಿತ್ತು. ಪಾದ ಎತ್ತುವ ನರ ಅದರ ಕೊರಳನ್ನೇ ಸುತ್ತಿ ಹೋಗುತ್ತದಂತೆ. ಈಗಲೇ ಕೂರಿಸದಿದ್ದರೆ ಪಾದ ಜೋತೇ ಉಳಿಯಬಹುದು ಎಂದರು. ಜೋತ ಪಾದ ಇಟ್ಟುಕೊಂಡು ಗಾಡಿ ಹತ್ತುವುದು ಹೇಗೆ?

ಮಂಡಿ ಮಡಚಿಸಿದರು. ತೊಡೆ ಅದುಮಿ ಹಿಡಿದವನು ಅದೇ ಎಕ್ಸ್‌ರೇಯವನು. ಡಾಕ್ಟರು ಪಾದ ತಿರುಚಿ ಗಂಟನ್ನು ಹಿಂದಕ್ಕೆ ಒತ್ತಿದರು. ಕಿರುಚಿದೆ, ಬೈದೆ, ಅರ್ಧ ಎದ್ದು ಅವನ ಮುಂಗೈ ಕಚ್ಚಿದೆ. ಅವನು ಹಿಡಿತ ಸಡಿಲಿಸಲಿಲ್ಲ.

ಲಟಕ್ಕೆಂದಿತು.

ಪ್ಲಾಸ್ಟರ್ ಬಿಚ್ಚಿದ ದಿನ ಹೆಬ್ಬೆರಳು ಎದ್ದಿತು. ಪೂರ್ತಿ ಅಲ್ಲ, ಅರ್ಧ. ಎಕ್ಸ್‌ರೇ ರೂಮಿಗೆ ಹೋಗಿ ನಿಂತೆ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಗೆ ಎಂದೂ ಬಂದಿದ್ದಲ್ಲ, ಅವತ್ತೂ ಬರಲಿಲ್ಲ. ಅವನೇ ತಲೆಯೆತ್ತಿ, "ಎಲ್ಲಿ, ನಡಿ ನೋಡಣ" ಅಂದ.

ಬಾಗಿಲಿಂದ ಗೋಡೆಯವರೆಗೆ ನಡೆದೆ. ಪಾದ ಸ್ವಲ್ಪ ನೆಲ ಕೆರೆಯಿತು. ಇನ್ನೊಂದು ಸಲ ಅಂದ.

ನಡೆದೆ.