ಕ್ಲಚ್ ಮೇಷ್ಟ್ರು ಕುಣಿಯಲು ಹೊರಟದ್ದು

ಕಾರು ಓಡಿಸಲು ಕಲಿಸುತ್ತಿದ್ದ ಆ ಮನುಷ್ಯನನ್ನು ಊರೆಲ್ಲ ಕರೆಯುತ್ತಿದ್ದದ್ದು ಕ್ಲಚ್ ಮೇಷ್ಟ್ರು ಅಂತಲೇ. ಹೆತ್ತವರಿಟ್ಟ ಹೆಸರು ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, “ಕ್ಲಚ್! ಕ್ಲಚ್ ಅಂದೆ! ಕಾಲಲ್ಲಿ ಜೀವ ಇದೆಯೋ ಇಲ್ವೋ?” ಅಂತ ಅವರು ಕೂಗಿದರೆ, ಏರಿಸಿದ ಗಾಜನ್ನೂ ದಾಟಿ ರಸ್ತೆಯಂಚಿನವರಿಗೆ ಕೇಳಿಸುತ್ತಿತ್ತು. ಅವರ ಕೈಯಲ್ಲಿ ಕಲಿತವರು ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಿದ್ದರು. ಬೈಸಿಕೊಂಡದ್ದನ್ನೂ ಮರೆತಿರಲಿಲ್ಲ.

ಐವತ್ತು ದಾಟಿದ ಮೇಲೆ ಮೇಷ್ಟ್ರಿಗೆ ಕುಣಿಯುವ ಆಸೆ ಹುಟ್ಟಿತು ಅಂದರೆ ಸುಳ್ಳಾದೀತು. ಆಸೆ ಚಿಕ್ಕಂದಿನಿಂದಲೂ ಇತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಕಲಿಯುವವರೊಬ್ಬರು ಇಳಿದು ಇನ್ನೊಬ್ಬರು ಹತ್ತುವಷ್ಟರಲ್ಲಿ ರೇಡಿಯೋ ಹಾಕಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಪಾದ ಆಡಿಸುವರು. ನೆಂಟರೆಲ್ಲ ಸೇರಿ ಕುಣಿಯುವ ಕಡೆ ಇವರು ಗೋಡೆಗೊರಗಿ ಎಲ್ಲರ ಚೀಲ, ಫೋನು ಕಾಯುವರು. “ನಮ್ಮ ಭಾವ ಕಂಬ ಇದ್ದ ಹಾಗೆ” ಅಂತ ನಾದಿನಿ ನಗುವಳು. ಇವರೂ ನಗುವರು.

ಹೀಗಿರುವಾಗ, ಟೈರು ಬದಲಿಸಲು ಹೋದ ಅಂಗಡಿಯ ಮೆಟ್ಟಿಲ ಬಳಿ ಒಂದು ಬೋರ್ಡು ಕಂಡಿತು. ಮೇಲಿನ ಮಹಡಿಯಲ್ಲಿ ದೊಡ್ಡವರಿಗೆ ಡ್ಯಾನ್ಸ್ ಕ್ಲಾಸು, ಏನೂ ಬರದವರು ಬನ್ನಿ ಅಂತ ಬರೆದಿತ್ತು. ಮೇಷ್ಟ್ರು ಟೈರು ನೋಡುವ ನೆಪದಲ್ಲಿ ಅದನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಕಾರಿನೊಳಗೆ ಕೂತು, ಗಾಜೆಲ್ಲ ಏರಿಸಿ, ಫೋನು ಮಾಡಿದರು.

“ಯಾರಿಗೆ ಸರ್, ಮಗಳಿಗಾ?” ಅಂತ ಕೇಳಿದಳು ಡ್ಯಾನ್ಸ್ ಕಲಿಸುವ ಹುಡುಗಿ.

“ಹೂಂ... ಅಲ್ಲ, ಅಲ್ಲ. ನನ್ನ ಸ್ನೇಹಿತ ಒಬ್ಬ ಇದ್ದಾನೆ, ಅವನಿಗೆ.”

“ಸರಿ, ಭಾನುವಾರ ಬೆಳಿಗ್ಗೆ ಕಳಿಸಿ. ಸಡಿಲವಾದ ಬಟ್ಟೆ ಹಾಕ್ಕೊಂಡು ಬರೋಕೆ ಹೇಳಿ.”

ಫೋನಿಟ್ಟರು. ಇಲ್ಲದ ಸ್ನೇಹಿತನನ್ನು ಯಾಕಾದರೂ ಎಳೆದು ತಂದೆನೋ ಅಂತ ತಮ್ಮ ಮೇಲೇ ಸಿಟ್ಟು ಬಂತು.

ಸಡಿಲವಾದ ಬಟ್ಟೆ ಅಂತ ಅವರ ಹತ್ತಿರ ಇದ್ದದ್ದು ಮೊಣಕಾಲು ಸವೆದ ಒಂದು ಪೈಜಾಮ. ಮನೆಯಿಂದ ದೂರದ ಅಂಗಡಿಗೆ ಹೋಗಿ ಕಪ್ಪು ಟ್ರ್ಯಾಕ್ ಪ್ಯಾಂಟು ಕೊಂಡರು. ಹಾಕಿ ನೋಡುವುದಕ್ಕೂ ನಾಚಿಕೆಯಾಗಿ, ಕಳ್ಳಮಾಲಿನ ಹಾಗೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ತುರುಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮೊದಲ ದಿನವೇ ಮಾನ ಹೋಗದಿರಲಿ ಅಂತ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು, ಫೋನಿನಲ್ಲಿ ಹಾಡು ಹಚ್ಚಿ, ಅಭ್ಯಾಸಕ್ಕಿಳಿದರು. ಒಂದು ಸುತ್ತು ತಿರುಗುವಷ್ಟರಲ್ಲಿ ಕಾಲು ಜಾರಿತು. ಬಕೆಟ್ಟು ದಡಾರನೆ ಉರುಳಿತು.

“ಏನ್ರೀ ಅದು?” ಹೊರಗಿನಿಂದ ಹೆಂಡತಿ ಕೂಗಿದಳು.

“ಏನಿಲ್ಲ ಕಣೇ, ಬಕೆಟ್ಟು!”

“ಬಕೆಟ್ಟು ಹಾಡೂ ಹೇಳುತ್ತಾ?”

ಬಾಗಿಲು ತೆಗೆಯದೆ ವಿಧಿಯಿರಲಿಲ್ಲ. ನೆನೆದ ಪೈಜಾಮದಲ್ಲೇ ನಿಂತು ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಂಡತಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀವಾ? ಕುಣಿಯೋದಾ?” ಅನ್ನುತ್ತ ಕಣ್ಣೊರೆಸಿಕೊಂಡು ತಂಗಿಗೆ ಫೋನು ಹಚ್ಚಿದಳು. “ಕೇಳಿದ್ಯೇನೇ, ನಿಮ್ಮ ಭಾವ...” ಅತ್ತ ಕಡೆಯಿಂದ ನಾದಿನಿ ಗೊಳ್ಳನೆ ನಕ್ಕದ್ದು ಕೋಣೆಯ ಆಚೆಗೂ ಕೇಳಿಸಿತು.

ಅವಳು ಫೋನಿಟ್ಟು ಬಂದಾಗ ಮೇಷ್ಟ್ರು ಮಂಚದ ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರು.

“ನಾನೇನು ಹೋಗಲ್ಲ ಬಿಡು.”

“ಅಯ್ಯೋ, ಇಷ್ಟಕ್ಕೇ ಮುನಿಸ್ಕೊಂಡ್ರಾ?”

“ಮುನಿಸಲ್ಲ ಕಣೇ. ನಾಚಿಕೆ ಆಗ್ತಿದೆ.”

ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲು. ನಗು ಅಲ್ಲೇ ನಿಂತುಹೋಯಿತು. ಒಣಗಿದ ಟವೆಲು ತಂದು ಅವರ ಕಾಲ ಬಳಿ ಇಟ್ಟಳು. ಮರುದಿನ ಡಿಕ್ಕಿಯಿಂದ ಪ್ಯಾಂಟು ಹುಡುಕಿ ತೆಗೆದು, ಉದ್ದವಾಗಿದ್ದ ಕಾಲನ್ನು ಮಡಚಿ ಹೊಲಿದು ಕುರ್ಚಿಯ ಮೇಲಿಟ್ಟಿದ್ದಳು.

ಭಾನುವಾರ ಮೇಷ್ಟ್ರು ಕಾರನ್ನು ಆಚೆ ಬೀದಿಯಲ್ಲಿ ನಿಲ್ಲಿಸಿದರು. ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಗಾಡಿ, ಊರಲ್ಲಿ ಅದನ್ನು ಗುರುತಿಸದವರಿರಲಿಲ್ಲ. ಟೈರು ಅಂಗಡಿಯವನು ಬಾಗಿಲು ತೆರೆದಿರದಿದ್ದದ್ದು ಪುಣ್ಯ ಅಂದುಕೊಂಡು, ಪ್ಯಾಂಟಿನ ಸೊಂಟ ಎಳೆದುಕೊಳ್ಳುತ್ತ ಮೆಟ್ಟಿಲು ಹತ್ತಿದರು. ಮೇಲೆ ಉದ್ದನೆಯ ಕೋಣೆ, ಒಂದು ಗೋಡೆಯ ತುಂಬ ಕನ್ನಡಿ. ಅದರಲ್ಲಿ ಮೊದಲು ಕಂಡದ್ದು ತಮ್ಮದೇ ಹೊಟ್ಟೆ. ಅದರ ಪಕ್ಕದಲ್ಲಿ ಕಂಡ ಮುಖ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅದು ಔಷಧಿ ಅಂಗಡಿಯ ಮೇಡಂ.

ಆಕೆ ಹಿಂದೊಮ್ಮೆ ಕಾರು ಕಲಿಯಲು ಬಂದಿದ್ದರು. ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದಾಗ, “ನಿಮಗಿದು ಈ ಜನ್ಮದಲ್ಲಿ ಬರಲ್ಲ, ಬಸ್ಸಲ್ಲೇ ಓಡಾಡಿ” ಅಂದಿದ್ದರು ಮೇಷ್ಟ್ರು. ಆಕೆ ಅಳುತ್ತಲೇ ಇಳಿದು ಹೋಗಿದ್ದರು.

ವಾಪಸ್ಸು ಹೋಗೋಣವೆಂದರೆ ಡ್ಯಾನ್ಸ್ ಹುಡುಗಿ ಆಗಲೇ ಬಾಗಿಲು ಹಾಕಿದ್ದಳು. ಹಾಡು ಶುರುವಾಯಿತು. ಎಲ್ಲರೂ ಬಲಕ್ಕೆ ಹೋದಾಗ ಮೇಷ್ಟ್ರು ಎಡಕ್ಕೆ ಹೋದರು. ಕೈ ಎತ್ತಿದರೆ ಕಾಲು ನಿಲ್ಲುತ್ತಿತ್ತು, ಕಾಲು ಎತ್ತಿದರೆ ಕೈ ಮರೆಯುತ್ತಿತ್ತು. ಹುಡುಗಿ ಬೈಯಲಿಲ್ಲ. “ಪರವಾಗಿಲ್ಲ ಸರ್, ಇನ್ನೊಮ್ಮೆ” ಅಂದಳು. ಪ್ರತಿ ಸಲವೂ ಅಷ್ಟೇ ಮೆತ್ತಗೆ ಅಂದಳು. ಆ ಮೆತ್ತಗಿನ ಮಾತೇ ಮೇಷ್ಟ್ರಿಗೆ ಕಪಾಳಕ್ಕೆ ಬಿದ್ದ ಹಾಗಾಗುತ್ತಿತ್ತು.

ನೀರು ಕುಡಿಯಲು ಬಿಟ್ಟಾಗ ಮೇಡಂ ಕಿಟಕಿಯ ಬಳಿ ನಿಂತಿದ್ದರು. ಮೇಷ್ಟ್ರು ಹತ್ತಿರ ಹೋದರು.

“ಮೇಡಂ, ಅವತ್ತು ನಾನು ಹಾಗನ್ನಬಾರದಿತ್ತು.”

ಆಕೆ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. “ಅವತ್ತಿಂದ ನಾನು ಸ್ಟೀರಿಂಗ್ ಮುಟ್ಟಿಲ್ಲ ಸರ್” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೆಲೆ ಕೇಳಿದವರಿಗೆ ಬೆಲೆ ಹೇಳಿದ ಹಾಗಿತ್ತು.

“ಮತ್ತೆ ಬನ್ನಿ. ನಾನು... ಮೆತ್ತಗೆ ಕಲಿಸ್ತೀನಿ.”

“ಬೇಡ ಸರ್.”

ಮೇಷ್ಟ್ರು ನೆಲ ನೋಡುತ್ತ ತಲೆಯಾಡಿಸಿದರು. ಅವರ ಮುಖ ಕಿವಿಯವರೆಗೂ ಬಿಸಿಯೇರಿತ್ತು. ಒಳಗೆ ಹಾಡು ಮತ್ತೆ ಶುರುವಾಯಿತು. ಕೊನೆಯ ಸಾಲಿನಲ್ಲಿ, ಮೇಡಂ ಕಣ್ಣಿಗೆ ಬೀಳದ ಮೂಲೆಯಲ್ಲಿ ನಿಂತು, ಮುಗಿಯುವವರೆಗೂ ತಪ್ಪು ತಪ್ಪಾಗಿಯೇ ಕುಣಿದರು.

ಮುಂದಿನ ಭಾನುವಾರವೂ ಹೋದರು, ಅದರ ಮುಂದಿನ ಭಾನುವಾರವೂ. ಮೇಡಂ ಕೂಡ ಬರುತ್ತಿದ್ದರು. ಎದುರಾದಾಗ ನಮಸ್ಕಾರ ಅನ್ನುವರು, ಅದಕ್ಕಿಂತ ಹೆಚ್ಚಿಲ್ಲ. ಕಾರು ಕಲಿಯಲು ಆಕೆ ಮತ್ತೆಂದೂ ಬರಲಿಲ್ಲ. ಒಂದು ಮಧ್ಯಾಹ್ನ ಮೇಷ್ಟ್ರು ಯಾರಿಗೋ ಗೇರು ಹಾಕಲು ಹೇಳಿಕೊಡುತ್ತಿದ್ದಾಗ, ಬಸ್ ಸ್ಟಾಪಿನ ಬಿಸಿಲಲ್ಲಿ ಚೀಲ ಹಿಡಿದು ನಿಂತಿದ್ದ ಆಕೆ ಕಂಡರು. ಮೇಷ್ಟ್ರು ಮುಖ ತಿರುಗಿಸಿಕೊಂಡರು.